ಕೆರೆ ಹಿಂದಿನ ಸೌದೆ ತೋಪು

ನಮ್ಮ ಅಬ್ಬಾ ಗುಂಡ್ಲುಪೇಟೆಯಲ್ಲಿ ಸೌದೆ ಡಿಪೋ ಇಟ್ಟಿದ್ದರು. ಮನೆಯಲ್ಲಿ ನಾವು ಮಾತಾಡುವುದು ಉರ್ದು. ಆದರೆ ಸೌದೆಯ ವಿಷಯ ಬಂದರೆ ಅಬ್ಬಾ ಊಟದ ಮಧ್ಯದಲ್ಲೇ ಕನ್ನಡಕ್ಕೆ ಹೊರಳಿಬಿಡುತ್ತಿದ್ದರು. ಸೀಳು, ಪುಳ್ಳೆ, ತೊಗಟೆ, ಕೆಂಡ, ಇವಕ್ಕೆಲ್ಲ ಅವರ ಬಾಯಲ್ಲಿ ಉರ್ದು ಮಾತೇ ಇರಲಿಲ್ಲ. ಯಾವ ಮರ ಎಷ್ಟು ಹೊತ್ತು ಉರಿಯುತ್ತದೆ ಅನ್ನುವುದನ್ನು ನಾನು ಮಗ್ಗಿ ಕಲಿಯುವ ಮೊದಲೇ ಕಲಿತಿದ್ದೆ. ಮದುವೆ ಬಿರಿಯಾನಿಗೆ ಹುಣಸೆ, ಬೇಕರಿಗೆ ಸರ್ವೆ, ಹಸಿ ನೀಲಗಿರಿ ಯಾರಿಗೂ ಬೇಡ. ಈ ವಿದ್ಯೆಯಿಂದ ನನಗೆ ಮುಂದೆ ಏನಾದರೂ ಪ್ರಯೋಜನವಾದೀತು ಎಂದು ನಾನಂತೂ ಅಂದುಕೊಂಡಿರಲಿಲ್ಲ.

ಹಂಗಳದಿಂದ ಒಳಗೆ ಹೋದರೆ ಕಾಡಿನ ಅಂಚಿಗೆ ಒಂದು ಚಿಕ್ಕ ಊರು. ಅಲ್ಲಿಯ ಅಂಗನವಾಡಿಗೆ ನಾನು ಟೀಚರಾಗಿ ಸೇರಿದೆ. ಬೆಳಿಗ್ಗೆ ಹಂಗಳದವರೆಗೆ ಬಸ್ಸು, ಅಲ್ಲಿಂದ ಯಾರದಾದರೂ ಬೈಕೋ ಆಟೋವೋ, ಏನೂ ಸಿಗದಿದ್ದರೆ ಕಾಲು. ಅಂಗನವಾಡಿಯಲ್ಲಿ ನನ್ನ ಜೊತೆ ಸಹಾಯಕಿಯೊಬ್ಬರಿದ್ದರು. ಊರಿಗೆಲ್ಲ ಅವರು ದೊಡ್ಡವ್ವ, ನನಗೂ ದೊಡ್ಡವ್ವ. ಅಡುಗೆ ಮಾಡುವುದು, ಮಕ್ಕಳ ಮೂಗು ಒರೆಸುವುದು, ನಾನು ಎಲ್ಲಿ ತಪ್ಪು ಮಾಡುತ್ತಿದ್ದೇನೆಂದು ಹೇಳುವುದು, ಈ ಮೂರು ಕೆಲಸ ಅವರದು. ಮೊದಲ ವಾರ ನನ್ನನ್ನು ಮೇಡಂ ಎಂದರು. ಎರಡನೆಯ ವಾರಕ್ಕೆ ನಾನು ‘ಕಣಮ್ಮಿ’ ಆದೆ.

ಆ ಊರಿನ ಎಲ್ಲ ಮನೆಗಳಲ್ಲೂ ಗ್ಯಾಸಿನ ಸಿಲಿಂಡರ್ ಇತ್ತು. ಬಹಳ ಮನೆಗಳಲ್ಲಿ ಅದಕ್ಕೊಂದು ಹೂವಿನ ಬಟ್ಟೆ ಹೊದಿಸಿ ಮೇಲೆ ಸ್ಟೀಲ್ ಡಬ್ಬಿ ಜೋಡಿಸಿರುತ್ತಿದ್ದರು. ನೆಂಟರು ಬಂದಾಗ ಕಾಫಿಗೆ ಅದು. ಮುದ್ದೆಗೆ, ಹಂಡೆ ನೀರಿಗೆ, ಹುರುಳಿ ಬೇಯಿಸುವುದಕ್ಕೆ ಸೌದೆಯೇ ಆಗಬೇಕು. ಹೆಂಗಸರು ವಾರಕ್ಕೆ ಮೂರು ನಾಲ್ಕು ಸಲ ಗುಂಪು ಕಟ್ಟಿಕೊಂಡು ಕಾಡಿನಂಚಿಗೆ ಹೋಗಿ ಹೊರೆ ತರುತ್ತಿದ್ದರು. ಗಾರ್ಡುಗಳು ಕಂಡರೆ ಬೈಗುಳ, ಕಾಣದಿದ್ದರೆ ಆನೆಯ ಭಯ. ನಮ್ಮ ಅಂಗನವಾಡಿಯ ಸಿಲಿಂಡರೂ ಖಾಲಿಯಾದರೆ ತುಂಬಿ ಬರುವುದು ಯಾವಾಗಲೋ, ಆದ್ದರಿಂದ ದೊಡ್ಡವ್ವ ಹಿತ್ತಲಲ್ಲಿ ಮೂರು ಕಲ್ಲಿಟ್ಟು ಒಲೆ ಹೂಡಿದ್ದರು.

ಒಂದು ದಿನ ಬೆಳಿಗ್ಗೆ ದೊಡ್ಡವ್ವ ತಡವಾಗಿ ಬಂದರು. ತಲೆಯ ಮೇಲೆ ಹೊರೆ ಇಲ್ಲ, ಬರಿಯ ಸಿಂಬೆ. ಒಂದು ಕಾಲಲ್ಲಿ ಮಾತ್ರ ಮೆಟ್ಟು.

“ಏನಾಯ್ತು ದೊಡ್ಡವ್ವಾ?” ಎಂದೆ.

“ಆನೆ ಸಿಕ್ತು ಕಣಮ್ಮಿ. ಹೊರೆ ಅಲ್ಲೇ ಬುಟ್ಬುಟ್ಟು ಓಡ್ಬಂದೆ. ಮೆಟ್ಟು ಒಂದು ಎಲ್ಲೋ ಬಿತ್ತು. ಅದಿರ್ಲಿ, ರವೆ ಅಳ್ದು ಕೊಡು, ಒಲೆ ಅಚ್ತೀನಿ.”

ಬಸ್ಸು ತಪ್ಪಿತು ಅನ್ನುವ ಹಾಗೆ ಹೇಳಿದರು. ನಾನು ಡಬ್ಬಿಯ ಮುಚ್ಚಳ ತೆಗೆದವಳು ಹಾಗೇ ನಿಂತೆ. “ಯಾವುದರಲ್ಲಿ ಹಚ್ಚುತ್ತೀರಿ? ಸೌದೆಯೇ ಇಲ್ಲವಲ್ಲ” ಎಂದೆ. ದೊಡ್ಡವ್ವ ಹಿತ್ತಲ ಕಡೆ ನೋಡಿದರು, ಒಲೆಯ ಪಕ್ಕದ ಖಾಲಿ ಜಾಗ ನೋಡಿದರು, ಆಮೇಲೆ ಬಾಗಿಲ ಮೆಟ್ಟಿಲ ಮೇಲೆ ಕೂತರು. ನೀರು ಕೊಟ್ಟರೆ ಲೋಟ ಹಲ್ಲಿಗೆ ತಾಗಿ ಟಕಟಕ ಅನ್ನುತ್ತಿತ್ತು. ಮಕ್ಕಳು ಸುತ್ತ ನಿಂತು ಆನೆಗೆ ಕೊಂಬು ಎಷ್ಟಿದ್ದವು, ಮರಿ ಇತ್ತಾ ಎಂದು ವಿಚಾರಣೆ ಮಾಡುತ್ತಿದ್ದರು. ಆ ದಿನ ನಮ್ಮ ಉಪ್ಪಿಟ್ಟು ಬೆಂದದ್ದು ಮುರಿದ ಕಪ್ಪುಹಲಗೆಯ ಸ್ಟ್ಯಾಂಡನ್ನು ಒಡೆದು ಉರಿಸಿ.

ಸಂಜೆ ಮನೆಗೆ ಬಂದು ಅಬ್ಬಾಗೆ ಎಲ್ಲ ಹೇಳಿದೆ. ಉರ್ದುವಿನಲ್ಲೇ ಶುರುವಾದ ಮಾತು. ಅಬ್ಬಾ ಟೀ ಕೆಳಗಿಟ್ಟು ಕನ್ನಡಕ್ಕೆ ಬಂದರು.

“ಆ ಊರಲ್ಲಿ ಎಷ್ಟು ಒಲೆ ಉರೀತವೆ?”

ಎಷ್ಟು ಜನ ಎಂದು ಅವರು ಯಾವತ್ತೂ ಕೇಳಿದವರಲ್ಲ. ಅವರ ಲೆಕ್ಕದಲ್ಲಿ ಊರು ಅಂದರೆ ಒಲೆಗಳು. ಅರವತ್ತು ಎಪ್ಪತ್ತು ಇರಬಹುದು ಎಂದೆ.

“ಗೋಮಾಳ ಇದ್ಯಾ?”

“ಕೆರೆ ಹಿಂದೆ ಇದೆ. ನಾಲ್ಕು ಎಕರೆ ಇರಬಹುದು. ಬರೀ ಲಂಟಾನ ಪೊದೆ ಬೆಳೆದಿದೆ.”

“ಮತ್ತೆ ಕಾಡಿಗೆ ಯಾಕೆ ಹೋಗ್ತಾರೆ? ಅಲ್ಲೇ ಬೆಳ್ಕೊಳ್ಳಲಿ.”

“ಎಲ್ಲರೂ ಬೆಳೆದುಕೊಂಡರೆ ನಿಮ್ಮ ಡಿಪೋಗೆ ಯಾರು ಬರ್ತಾರೆ ಅಬ್ಬಾ?”

ಅಬ್ಬಾ ನಕ್ಕರು. “ಅವ್ರು ಯಾವತ್ತು ನನ್ನ ಡಿಪೋಗೆ ಬಂದಿದ್ರು? ತಲೆ ಮೇಲೆ ಹೊತ್ಕೊಂಡು ಹೋಗೋರು ತೂಕ ಹಾಕಿಸ್ಕೊಂಡು ತಗೊಳ್ತಾರಾ?”

ಅಷ್ಟು ಹೇಳಿ ಅವರು ಟೀ ಕುಡಿದರು. ನನಗೆ ಮಾತ್ರ ಆ ಮಾತು ತಲೆಯಲ್ಲಿ ಕೂತುಬಿಟ್ಟಿತು.

ಮುಂದಿನ ಶುಕ್ರವಾರ ಮಹಿಳಾ ಸಂಘದವರು ಅಂಗನವಾಡಿಯಲ್ಲಿ ಸೇರಿದಾಗ ವಿಷಯ ಎತ್ತಿದೆ. ನಾನು ಬಹಳ ಚೆನ್ನಾಗಿ ಮಾತಾಡಿದೆ ಎಂದು ನನಗೆ ಅನ್ನಿಸಿತ್ತು. ನಾನು ಮುಗಿಸಿದ ಮೇಲೆ ಒಬ್ಬಾಕೆ ಕೇಳಿದಳು: “ಗಿಡ ನೆಡದು ಅಂದ್ರೆ ಪೋಟೋ ತೆಗೀತಾರಲ್ಲ, ಅದಾ ಮೇಡಂ?”

ಎಲ್ಲರೂ ನಕ್ಕರು. ಯಾರು ಯಾರೋ ಬಂದು ಪ್ರತಿ ಮಳೆಗಾಲ ಶಾಲೆಯ ಮುಂದೆ ಒಂದು ಗಿಡ ನೆಟ್ಟು ಹೋಗುತ್ತಿದ್ದರಂತೆ. ವರ್ಷ ವರ್ಷವೂ ಅದೇ ಗುಂಡಿಗೆ. ಗುಂಡಿ ಮಾತ್ರ ಚೆನ್ನಾಗಿ ಬೆಳೆದಿದೆ ಎಂದಳು ಇನ್ನೊಬ್ಬಳು.

ಮೂಲೆಯಲ್ಲಿ ಕೂತಿದ್ದ ದೊಡ್ಡವ್ವ ಆಗ ಬಾಯಿ ತೆರೆದರು. “ಪೋಟೋ ಬ್ಯಾಡ ಕಣ್ರಮ್ಮಿ. ನಮ್ಗ ಸೌದೆ ಬೇಕು. ನಾನು ಓಡುದ್ನಲ್ಲ ಅವತ್ತು, ಇನ್ನೊಂದ್ಸಲ ಓಡಕ್ಕ ನನ್ ಮಂಡಿಲಿ ಆಗದಿಲ್ಲ.”

ಅದಾದ ಮೇಲೆ ಮಾತು ಬೇರೆ ದಾರಿ ಹಿಡಿಯಿತು. ಪಂಚಾಯಿತಿಗೆ ಮೂರು ಸಲ ಹೋಗಿ ಬಂದೆವು. ಅಧ್ಯಕ್ಷೆಯೂ ಹೆಂಗಸೇ, ಅವರ ಮನೆಯಲ್ಲೂ ಸೌದೆ ಒಲೆಯೇ, ಹಾಗಾಗಿ ಮೂರನೆಯ ಸಲಕ್ಕೆ ಗೋಮಾಳದಲ್ಲಿ ಗಿಡ ನೆಡಲು ಒಪ್ಪಿಗೆಯ ಕಾಗದ ಕೈಗೆ ಬಂತು. ಉದ್ಯೋಗ ಖಾತ್ರಿಯಲ್ಲಿ ಲಂಟಾನ ಕೀಳಿಸಿ ಗುಂಡಿ ತೆಗೆಸುವುದೆಂದಾಯಿತು. ಅರಣ್ಯ ಇಲಾಖೆಯ ನರ್ಸರಿಯ ಮೇಸ್ತ್ರಿ ತೇಗ, ಸಿಲ್ವರ್ ಓಕ್ ಎರಡೂ ಇವೆ, ಎಷ್ಟು ಬೇಕಾದರೂ ಒಯ್ಯಿರಿ ಎಂದ. ನನಗೆ ಖುಷಿಯಾಯಿತು. ಹೆಂಗಸರಿಗೆ ಆಗಲಿಲ್ಲ.

“ತೇಗ ನಮ್ಮ ಮೊಮ್ಮಕ್ಕಳ ಮನೆ ಬಾಗಲ್ಗ ಆಯ್ತದೆ. ನಾಳೆ ನಾಳಿದ್ದಿನ ಮುದ್ದೆಗಾ?” ಎಂದರು ದೊಡ್ಡವ್ವ.

ಹಾಗಾದರೆ ಯಾವ ಗಿಡ? ಒಬ್ಬೊಬ್ಬರದು ಒಂದೊಂದು ಅಭಿಪ್ರಾಯ. ಒಬ್ಬಳು ಜಾಲಿಯೇ ಸೈ ಎಂದರೆ ಇನ್ನೊಬ್ಬಳು ಅದರ ಮುಳ್ಳು ತನ್ನ ಅಂಗಾಲಲ್ಲಿ ಈಗಲೂ ಇದೆ ಎಂದು ಕಾಲು ತೋರಿಸಿದಳು. ಜಗಳ ಮುಗಿಯದ್ದನ್ನು ಕಂಡು ದೊಡ್ಡವ್ವ, “ಬಾಯಲ್ಲಿ ಯಾಕೆ, ಉರ್ಸಿ ನೋಡನ” ಎಂದರು.

ಹೀಗೆ ನಮ್ಮ ಅಬ್ಬಾ ಆ ಊರಿಗೆ ಬಂದರು. ಒಂದು ಭಾನುವಾರ ಗೂಡ್ಸ್ ಆಟೋದಲ್ಲಿ ನಾಲ್ಕು ಕಟ್ಟು ಒಣ ಸೌದೆ ಹಾಕಿಕೊಂಡು, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಮುಂದಿನ ಸೀಟಿನಲ್ಲಿ ಕೂತು. ಸಿಲ್ವರ್ ಓಕ್, ನೀಲಗಿರಿ, ಜಾಲಿ, ಸೀಮೆತಂಗಡಿ. ಕೆರೆ ಏರಿಯ ಕೆಳಗೆ ನಾಲ್ಕು ಒಲೆ ಹೂಡಿದರು. ನಾಲ್ಕರ ಮೇಲೂ ಒಂದೇ ಅಳತೆಯ ಪಾತ್ರೆ, ಒಂದೇ ಅಳತೆಯ ನೀರು. ಕಟ್ಟುಗಳನ್ನು ಅಬ್ಬಾ ತಾವೇ ತೂಗಿ ಸಮ ಮಾಡಿದ್ದರು. ಒಲೆಗೊಬ್ಬ ಹೆಂಗಸು. ಊದುಗೊಳವೆ ಬಳಸುವಂತಿಲ್ಲ ಎನ್ನುವುದು ಅಬ್ಬಾ ಮಾಡಿದ ಕಾನೂನು. ಯಾವ ನೀರು ಮೊದಲು ಕುದಿಯುತ್ತದೆ ಎಂದು ನೋಡಲು ಅವರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ವಾಚು ಬಿಚ್ಚಿ ಕೈಯಲ್ಲಿ ಹಿಡಿದರು. ಪರೀಕ್ಷೆಯ ಹಾಲಿನಲ್ಲಿ ಮೇಷ್ಟ್ರು ಕೂತ ಹಾಗೆ.

ಸಿಲ್ವರ್ ಓಕ್ ಭಗ್ಗನೆ ಹೊತ್ತಿಕೊಂಡಿತು, ಎಲ್ಲರೂ ಅದೇ ಗೆದ್ದಿತು ಅಂದುಕೊಂಡರು. ನೀರು ಬಿಸಿಯಾಗುವಷ್ಟರಲ್ಲಿ ಕಾಗದ ಸುಟ್ಟ ಹಾಗೆ ಮುಗಿದುಹೋಯಿತು, ಕೆಂಡವೂ ಉಳಿಯಲಿಲ್ಲ. ನೀಲಗಿರಿ ಚಟಪಟ ಸಿಡಿದು ಒಬ್ಬಳ ಸೆರಗಿಗೆ ಸಣ್ಣ ತೂತು ಮಾಡಿತು. ಜಾಲಿಯ ಒಲೆ ದೊಡ್ಡವ್ವನದು. ಅದು ನಿಧಾನಕ್ಕೆ ಹಿಡಿಯುವ ಮರ. ಅವರಿಗೆ ತಾಳ್ಮೆ ಇಲ್ಲ. ಬಗ್ಗಿ ಬಗ್ಗಿ ಒಲೆಯ ಬಾಯಿಗೆ ಮುಖ ಒಡ್ಡುತ್ತಿದ್ದರು.

“ಅಕ್ಕಾ, ಊದಂಗಿಲ್ಲ” ಎಂದರು ಅಬ್ಬಾ.

“ಊದ್ಲಿಲ್ಲ ಸಾಬ್ರೇ. ಉಸ್ರು ಬುಟ್ಟೆ” ಎಂದರು ದೊಡ್ಡವ್ವ.

ಏರಿಯ ಮೇಲೆ ಕೂತಿದ್ದ ಗಂಡಸರು ಕೂಡ ನಕ್ಕರು. ಅಬ್ಬಾ ನಗಲಿಲ್ಲ. ದೊಡ್ಡವ್ವನ ಒಲೆಗೆ ಎರಡು ನಿಮಿಷ ದಂಡ ಹಾಕಿದರು.

ಜಾಲಿ, ಸೀಮೆತಂಗಡಿ ಎರಡೂ ಹೆಚ್ಚುಕಡಿಮೆ ಸಮ ಬಂದವು. ಕೆಂಡ ಜಾಲಿಯದು ಒಂದು ಕೈ ಮೇಲು. ಆದರೆ ಕಡಿಯುವವರೂ ಹೊರುವವರೂ ಹೆಂಗಸರೇ ಆದ್ದರಿಂದ ಮುಳ್ಳಿಲ್ಲದ ಸೀಮೆತಂಗಡಿ ಗೆದ್ದಿತು. ಅದು ಬೇಗ ಬೆಳೆಯುತ್ತದೆ, ಕಡಿದಷ್ಟೂ ಚಿಗುರುತ್ತದೆ ಎಂದು ಅಬ್ಬಾ ಸಾಕ್ಷಿ ಹೇಳಿದರು. ಕುದಿದ ನೀರನ್ನು ಸುಮ್ಮನೆ ಚೆಲ್ಲುವುದು ಯಾಕೆಂದು ಗೆದ್ದ ಒಲೆಯ ಮೇಲೆಯೇ ರಾಗಿ ಹಿಟ್ಟು ಹಾಕಿ ಮುದ್ದೆ ಕಟ್ಟಿದರು. ಮನೆಮನೆಯಿಂದ ಸೊಪ್ಪಿನ ಸಾರು ಬಂತು. ಅಬ್ಬಾ ಎರಡು ಮುದ್ದೆ ಉಂಡರು. ಮನೆಯಲ್ಲಿ ಅವರು ಅಷ್ಟು ಉಣ್ಣುವುದನ್ನು ನಾನು ನೋಡಿರಲಿಲ್ಲ.

ನರ್ಸರಿಯಲ್ಲಿ ಸೀಮೆತಂಗಡಿ ಇರಲಿಲ್ಲ. ನಾವೇ ಸಸಿ ಮಾಡಿಕೊಂಡೆವು. ಊಟಿ ರಸ್ತೆಯ ಬದಿಯ ಮರಗಳಿಂದ ಒಣಗಿದ ಕಾಯಿ ಆರಿಸಿ ತಂದು, ಬೀಜವನ್ನು ಬಿಸಿನೀರಿನಲ್ಲಿ ನೆನೆಸಿ, ಖಾಲಿ ಹಾಲಿನ ಪ್ಯಾಕೆಟ್ಟುಗಳಿಗೆ ಹಾಕಿ, ಅಂಗನವಾಡಿಯ ಅಂಗಳದಲ್ಲಿ ಸಾಲಾಗಿ ಜೋಡಿಸಿದೆವು. ಮಕ್ಕಳಿಗೆ ಒಂದರಿಂದ ನೂರು ಎಣಿಸಲು ಕಲಿಸುವ ನನ್ನ ಕಷ್ಟ ಆ ವರ್ಷ ಇರಲಿಲ್ಲ. ದಿನಾ ಬೆಳಿಗ್ಗೆ ಎಷ್ಟು ಮೊಳೆತಿವೆ ಎಂದು ಅವರೇ ಎಣಿಸುತ್ತಿದ್ದರು.

ಮಳೆ ಹಿಡಿದಾಗ ನೆಟ್ಟೆವು. ನಡುವೆಲ್ಲ ಸೀಮೆತಂಗಡಿ, ಕೆರೆಯ ತೇವ ಇರುವ ಕಡೆ ಹೊಂಗೆ, ಸುತ್ತ ಬೇಲಿಗೆ, ನೆಟ್ಟರೆ ಚಿಗುರುವ ಗೊಬ್ಬರದ ಗಿಡದ ಕಡ್ಡಿ. ಒಬ್ಬೊಬ್ಬ ಹೆಂಗಸಿಗೆ ಒಂದೊಂದು ಸಾಲು. ಬೇಲಿಯ ಕಡ್ಡಿ ಇನ್ನೂ ಚಿಗುರಿರಲಿಲ್ಲ, ಅಷ್ಟರಲ್ಲಿ ಒಂದು ಬೆಳಿಗ್ಗೆ ನೋಡಿದರೆ ಎರಡು ಸಾಲಿನ ಗಿಡಗಳಿಗೆ ತಲೆಯೇ ಇಲ್ಲ.

ಮೇಕೆಯ ಕೆಲಸ ಎಂದು ನೋಡಿದ ಕೂಡಲೇ ತಿಳಿಯುತ್ತಿತ್ತು. ಊರ ಕೊನೆಯ ಮನೆಯವನಿಗೆ ದೊಡ್ಡ ಮೇಕೆ ಹಿಂಡು. ಹೆಂಗಸರೆಲ್ಲ ಅವನ ಮನೆ ಮುಂದೆ ನಿಂತರು.

“ನನ್ ಮ್ಯಾಕೆ ಅಲ್ಲ. ಕಾಡಿಂದ ಕಡವೆ ಬಂದಿರ್ಬೇಕು” ಎಂದ ಅವನು.

ದೊಡ್ಡವ್ವ ಸೆರಗಿನ ಗಂಟು ಬಿಚ್ಚಿ ಅಂಗೈ ಮುಂದೆ ಹಿಡಿದರು. ತೋಪಿನಿಂದ ಆರಿಸಿ ತಂದ ಹಿಕ್ಕೆ. “ಇದು ಕಡವೆದಾ, ನೋಡ್ಲಾ.”

ಅವನು ಬಹಳ ಹೊತ್ತು ನೋಡಿದ. “ಕಡವೆ ಮರೀದಿರ್ಬೋದು” ಎಂದ.

ಬೈಯಲೆಂದು ಬಂದವರೆಲ್ಲ ನಕ್ಕುಬಿಟ್ಟರು, ಅವನೂ ತಲೆ ತಗ್ಗಿಸಿ ನಕ್ಕ. ಪಂಚಾಯಿತಿಗೆ ದೂರು ಕೊಡೋಣ ಎಂದೆ ನಾನು. ದೊಡ್ಡವ್ವ ನನ್ನನ್ನು ಪಕ್ಕಕ್ಕೆ ಸರಿಸಿ, ಇನ್ನು ಮುಂದೆ ತೋಪಿನ ಕಾವಲು ನಿನ್ನದೇ ಎಂದು ಅವನಿಗೆ ಹೇಳಿದರು. ಬೇಲಿ ಚಿಗುರಿದ ಮೇಲೆ ಅದರ ಸೊಪ್ಪೆಲ್ಲ ಅವನ ಮೇಕೆಗಳಿಗೆ. ಆದರೆ ಅವನೇ ಕೊಯ್ದು ಹೊತ್ತುಕೊಂಡು ಹೋಗಿ ಹಾಕಬೇಕು, ಮೇಕೆ ಕಾಲಿಡಬಾರದು. ಅವನು ಒಪ್ಪಿದ. ಒಪ್ಪಿದ ಮೇಲೆ ಅವನಷ್ಟು ಬಿಗಿ ಕಾವಲುಗಾರ ಇಡೀ ಗುಂಡ್ಲುಪೇಟೆ ತಾಲ್ಲೂಕಿನಲ್ಲಿ ಇರಲಿಲ್ಲ. ಒಮ್ಮೆ ಅಬ್ಬಾ ತೋಪು ನೋಡಲು ಬಂದು ಒಂದು ಚಿಗುರು ಮುಟ್ಟಿ ನೋಡಿದ್ದಕ್ಕೆ ದೂರದಿಂದಲೇ, “ಯಾರದು, ಕೈ ಬುಡಿ ಗಿಡದಿಂದ” ಎಂದು ಕೂಗಿದ. ಅಬ್ಬಾ ಕೈ ಬಿಟ್ಟು ಕ್ಷಮೆ ಕೇಳಿದರು. ಬಸ್ಸಿನಲ್ಲಿ ವಾಪಸ್ ಹೋಗುವಾಗ ದಾರಿಯುದ್ದಕ್ಕೂ ಅವನನ್ನು ಹೊಗಳಿದರು.

ಮೊದಲ ಬೇಸಿಗೆ ಕಷ್ಟದ್ದು. ಕೆರೆ ತಳ ಕಂಡಿತು. ಊರ ಬೋರಿನ ಮೋಟಾರು ಸುಟ್ಟಿತು. ಅದು ರಿಪೇರಿಯಾಗಿ ಬರುವಷ್ಟರಲ್ಲಿ ಅರ್ಧಕ್ಕರ್ಧ ಗಿಡ ಎಲೆ ಉದುರಿಸಿ ಬರಿಯ ಕಡ್ಡಿಗಳಾಗಿ ನಿಂತವು. ಹೆಂಗಸರು ದೂರದ ತೋಟದ ಬಾವಿಯಿಂದ ಕೊಡ ಹೊತ್ತು ತಂದು ಮನೆಗೆ ಮುಕ್ಕಾಲು, ಗಿಡಕ್ಕೆ ಕಾಲು ಎಂದು ಹಂಚುತ್ತಿದ್ದರು. ಆ ದಿನಗಳಲ್ಲಿ ಅತ್ತೆ ಸೊಸೆ ಇಬ್ಬರಿಗೂ ಸಾಲು ಇದ್ದ ಒಂದು ಮನೆಯಲ್ಲಿ ಅತ್ತೆಗೆ ಮಂಡಿ ನೋವು. ಆದರೂ ಅವರ ಸಾಲು ಒಣಗಲಿಲ್ಲ. ಸೊಸೆ ಎರಡು ಕೊಡ ಹೊರುತ್ತಿದ್ದುದನ್ನು ಊರೆಲ್ಲ ನೋಡಿತ್ತು, ಅತ್ತೆ ಮಾತ್ರ ತಮ್ಮ ಸಾಲಿನ ಮಣ್ಣೇ ಒಳ್ಳೆಯದು ಎನ್ನುತ್ತಿದ್ದರು.

ನಾನು ಧೈರ್ಯ ಕಳೆದುಕೊಂಡಿದ್ದೆ. ಆನೆಗೆ ಹೆದರಿ ಊರ ಹೆಂಗಸರ ಬೆನ್ನು ಮುರಿಯುವ ಕೆಲಸ ಮಾಡಿಬಿಟ್ಟೆನಲ್ಲ ಎಂದು ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿಕೊಂಡು ಅತ್ತದ್ದೂ ಉಂಟು. ಅಬ್ಬಾ ಬಂದು ನೋಡಿದರು. ಒಂದು ಕಡ್ಡಿಯ ತೊಗಟೆಯನ್ನು ಉಗುರಿನಲ್ಲಿ ಕೆರೆದರು. ಒಳಗೆ ತೆಳ್ಳಗೆ ಹಸಿರು.

“ಬೇರು ಬದುಕಿದೆ. ಗೇಣು ಬಿಟ್ಟು ಮೇಲಕ್ಕೆ ಕತ್ತರಿಸಿ, ಮಳೆ ಬರೋವರೆಗೆ ಸುಮ್ನಿರಿ” ಎಂದರು.

ಇಷ್ಟು ಕಷ್ಟಪಟ್ಟು ಬೆಳೆಸಿದ್ದನ್ನು ಕತ್ತರಿಸುವುದೆಂದರೆ ಯಾರಿಗೂ ಕೈ ಬರಲಿಲ್ಲ. ದೊಡ್ಡವ್ವ ಕುಡುಗೋಲು ತೆಗೆದುಕೊಂಡು ತಮ್ಮ ಸಾಲಿನಿಂದಲೇ ಶುರುಮಾಡಿದರು. ಮೊದಲ ಮಳೆ ಬಿದ್ದು ಎರಡು ವಾರಕ್ಕೆ ಒಂದೊಂದು ಬುಡದಿಂದ ನಾಲ್ಕು ನಾಲ್ಕು ಚಿಗುರು ಎದ್ದವು. ಬೆಳಿಗ್ಗೆ ಅಂಗನವಾಡಿಗೆ ಬಂದ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ ದೊಡ್ಡವ್ವ ಕೈ ಹಿಡಿದು ಕರೆದುಕೊಂಡು ಹೋದರು. ಮಕ್ಕಳೂ ಹಿಂದೆ ಬಂದರು. ಆ ದಿನ ಪಾಠ ತೋಪಿನಲ್ಲೇ ಆಯಿತು. ನಾನು ಏನು ಪಾಠ ಮಾಡಿದೆನೋ ನೆನಪಿಲ್ಲ.

ಈ ನಡುವೆ ಅಬ್ಬಾ ಡಿಪೋ ಮುಚ್ಚಿದರು. ಬೇಕರಿಗಳಿಗೆ ಕರೆಂಟಿನ ಒಲೆ ಬಂದಿತ್ತು, ಅಬ್ಬಾಗೂ ವಯಸ್ಸಾಗಿತ್ತು. ಆ ಜಾಗದಲ್ಲಿ ಈಗ ಟೈಲ್ಸ್ ಅಂಗಡಿ ಇದೆ. ನಾಲ್ಕು ದಿನ ಮನೆಯಲ್ಲಿ ಸುಮ್ಮನೆ ಕೂತವರು ಐದನೆಯ ದಿನ ನನ್ನ ಜೊತೆ ಬಸ್ಸು ಹತ್ತಿದರು. ಆಮೇಲೆ ವಾರಕ್ಕೊಮ್ಮೆ ಅದು ರೂಢಿಯಾಯಿತು. ದೊಡ್ಡವ್ವ ಅವರನ್ನು ಸಾಬ್ರೇ ಎನ್ನುವುದನ್ನು ಬಿಟ್ಟು ಅಣ್ಣ ಎನ್ನತೊಡಗಿದ್ದೂ ಆಗಲೇ.

ನಾಲ್ಕನೆಯ ವರ್ಷ ಮೊದಲ ಕಡಿತ. ಮಚ್ಚನ್ನು ಓರೆಯಾಗಿ ಹೊಡೆಯಬೇಕು, ಬುಡದಲ್ಲಿ ನೀರು ನಿಲ್ಲಬಾರದು, ತೊಗಟೆ ಸೀಳಬಾರದು ಎಂದು ಅಬ್ಬಾ ಒಂದೊಂದು ಬುಡದ ಹತ್ತಿರವೂ ನಿಂತು ತೋರಿಸಿದರು. ಒಂದು ಸಾಲು ಬಿಟ್ಟು ಒಂದು ಸಾಲು ಕಡಿದೆವು. ಮಧ್ಯಾಹ್ನಕ್ಕೆ ಸೌದೆ ರಾಶಿ ಬಿತ್ತು. ರಾಶಿ ಬಿದ್ದ ಕೂಡಲೇ ಜಗಳವೂ ಬಿತ್ತು.

ಒಲೆಗೆ ಒಂದು ಪಾಲು ಎಂದು ದೊಡ್ಡವ್ವ ಹೇಳಿದರು. ತುಂಬಿದ ಮನೆಯ ಹೆಂಗಸೊಬ್ಬಳು ಎದ್ದು ನಿಂತಳು. “ನಮ್ಮನೇಲಿ ಅನ್ನೊಂದು ಜನ. ನೀವು ಒಬ್ರೇ. ಇಬ್ರಿಗೂ ಒಂದೇ ಪಾಲಾ?”

ಅದೂ ನ್ಯಾಯವೇ. ಆದರೆ ತಲೆ ಎಣಿಸಿ ಕೊಟ್ಟರೆ ಒಂಟಿ ಮುದುಕಿಯರಿಗೆ ಒಂದು ಹಿಡಿ ಪುಳ್ಳೆ ಬರುತ್ತಿತ್ತು. ಅವರೂ ಎಲ್ಲರ ಹಾಗೆಯೇ ನೀರು ಹೊತ್ತವರು. ಎಲ್ಲರೂ ನನ್ನ ಮುಖ ನೋಡಿದರು. ನಾನು ಅಬ್ಬಾರ ಮುಖ ನೋಡಿದೆ. ಅಬ್ಬಾ ರಾಶಿಯನ್ನು ನೋಡುತ್ತಿದ್ದರು.

ಉಪಾಯ ಹೇಳಿದವಳು ಎರಡು ಕೊಡ ಹೊರುತ್ತಿದ್ದ ಆ ಸೊಸೆ. “ದಪ್ಪ ಸೀಳನ್ನ ಎಲ್ಲಾ ಒಲಗೂ ಒಂದೇ ಸಮ ಹಂಚನ. ಪುಳ್ಳೆ, ಕೊಂಬೆಯೆಲ್ಲ ಜನ ಜಾಸ್ತಿ ಇರೋ ಮನೆಯೋರು ತಗೊಳ್ಳಲಿ. ಪುಳ್ಳೆ ಆದ್ರೆ ಒಲೆ ಮುಂದೇನೇ ಕೂತು ತಳ್ತಾ ಇರ್ಬೇಕು. ಅವ್ರ ಮನೇಲಿ ಕೂರಕ್ಕ ಜನ ಅವ್ರೆ. ವಯಸ್ಸಾದವ್ರು ಸೀಳು ಇಕ್ಬುಟ್ಟು ಎದ್ದು ಓಗ್ಬೋದು.”

ತುಂಬಿದ ಮನೆಯವಳು ಪುಳ್ಳೆಯ ರಾಶಿಯನ್ನೊಮ್ಮೆ ಕಣ್ಣಲ್ಲೇ ಅಳೆದು, “ಆಗ್ಲಿ” ಎಂದಳು. “ಇಷ್ಟು ವರ್ಷ ಡಿಪೋ ನಡೆಸಿದೆ, ನನಗೆ ಇದು ಹೊಳೀಲಿಲ್ಲ” ಎಂದು ಅಬ್ಬಾ ನನ್ನ ಕಿವಿಯಲ್ಲಿ ಹೇಳಿದರು, ಈ ಸಲ ಉರ್ದುವಿನಲ್ಲಿ.

ಆ ಮೊದಲ ಕಡಿತ ಇಡೀ ವರ್ಷಕ್ಕೆ ಸಾಲಲಿಲ್ಲ ಅನ್ನುವುದನ್ನೂ ಹೇಳಬೇಕು. ಕೆಲವರು ಮತ್ತೆ ಕಾಡಿನಂಚಿಗೆ ಹೋದರು. ಮುಂದಿನ ವರ್ಷ ಹೋದವರು ಕಡಿಮೆ. ಈಗ ಹೊರೆಗೆಂದು ಕಾಡಿನ ಕಡೆ ಹೋಗುವವರು ಯಾರೂ ಇಲ್ಲ ಅನ್ನಬಹುದು. ಬೆಳಗಿನ ಆ ಎರಡು ಮೂರು ಗಂಟೆ ಹೊತ್ತು ಏನು ಮಾಡುತ್ತೀರಿ ಎಂದು ಒಮ್ಮೆ ಕೇಳಿದ್ದೆ. ಒಬ್ಬಳು ಸ್ಕೂಟರ್ ಕಲಿಯುತ್ತಿದ್ದಾಳೆ. ಒಬ್ಬಳು ಹೂ ಕಟ್ಟುತ್ತಾಳೆ. “ನಿದ್ದೆ ಮಾಡ್ತೀನಿ ಮೇಡಂ” ಎಂದಳು ಇನ್ನೊಬ್ಬಳು, ಸಂಕೋಚವೇ ಇಲ್ಲದೆ. ನನಗೆ ಅವಳ ಉತ್ತರವೇ ಬಹಳ ಹಿಡಿಸಿತು.

ಕಳೆದ ಮಳೆಗಾಲದ ಮುಂಚೆ ಹರವೆ ಕಡೆಯ ಒಂದು ಊರಿನ ಹೆಂಗಸರು ಟೆಂಪೋ ಮಾಡಿಕೊಂಡು ತೋಪು ನೋಡಲು ಬಂದರು. ನಾನು ಹಿಂದಿನ ದಿನ ಚಾರ್ಟ್ ಪೇಪರಿನಲ್ಲಿ ಬಣ್ಣ ಬಣ್ಣದ ಗೆರೆ ಎಳೆದು ಎಲ್ಲ ಬರೆದಿಟ್ಟಿದ್ದೆ. ಅದನ್ನು ಗೋಡೆಗೆ ಅಂಟಿಸುತ್ತಿರುವಾಗಲೇ ದೊಡ್ಡವ್ವ ಅವರನ್ನೆಲ್ಲ ಕರೆದುಕೊಂಡು ತೋಪಿನೊಳಗೆ ಹೋಗಿಬಿಟ್ಟಿದ್ದರು. ಚಾರ್ಟನ್ನು ಸುರುಳಿ ಸುತ್ತಿ ಹಿಡಿದುಕೊಂಡು ನಾನು ಹಿಂದೆ ಓಡಿದೆ.

“ಮೊದ್ಲು ಮ್ಯಾಕೆ ಯಾರದು ಅಂತ ನೋಡ್ಕಳಿ. ಅವ್ರನ್ನ ಒಲಿಸ್ಕಳಿ” ಎಂದು ದೊಡ್ಡವ್ವ ಹೇಳುತ್ತಿದ್ದರು. ಮೇಕೆಯವನು ಪಕ್ಕದಲ್ಲೇ ಕೈಕಟ್ಟಿಕೊಂಡು ನಿಂತು ತಲೆಯಾಡಿಸುತ್ತಿದ್ದ. “ಬ್ಯಾಸ್ಗೇಲಿ ಒಣಗ್ತವೆ. ಅಳ್ಬೇಡಿ. ಕತ್ತರಿಸ್ಬುಟ್ಟು ಕಾಯಿರಿ.”

ಬಂದವರಲ್ಲಿ ಒಬ್ಬಳು, ಯಾರಾದರೂ ಆಫೀಸರು ಬಂದು ಹೇಳಿಕೊಟ್ಟರಾ ಎಂದು ಕೇಳಿದಳು. ದೊಡ್ಡವ್ವ ಅಬ್ಬಾ ಕೂತಿದ್ದ ಕಡೆ ಕೈ ತೋರಿಸಿ, “ನಮ್ಮಣ್ಣ” ಎಂದರು. ಬಂದವರು ಒಮ್ಮೆ ಅಬ್ಬಾರನ್ನು ನೋಡಿದರು, ಒಮ್ಮೆ ದೊಡ್ಡವ್ವನನ್ನು ನೋಡಿದರು.

ಹೊರಡುವ ಮುಂಚೆ ಮರದ ಕೆಳಗೆ ಉದುರಿದ್ದ ಒಣ ಕಾಯಿಗಳನ್ನು ಆರಿಸಿ ಸೆರಗಿಗೆ ಗಂಟು ಹಾಕಿಕೊಂಡರು. ಟೆಂಪೋ ಹೊರಟ ಮೇಲೂ ದೊಡ್ಡವ್ವ, “ಬಿಸ್ನೀರಲ್ಲಿ ನೆನ್ಸಿ, ಕುದಿಯೋ ನೀರಲ್ಲ” ಎಂದು ಕೂಗುತ್ತಾ ನಾಲ್ಕು ಹೆಜ್ಜೆ ಅದರ ಹಿಂದೆ ನಡೆದರು. ಆಮೇಲೆ ನಾವು ಅಂಗನವಾಡಿಗೆ ಬಂದು, ಮಕ್ಕಳಿಗೆ ಬಡಿಸಿ, ಉಳಿದ ಚಿತ್ರಾನ್ನವನ್ನು ಮೂರು ಪಾಲು ಮಾಡಿಕೊಂಡು ಉಂಡೆವು. ಅಬ್ಬಾರ ತಟ್ಟೆಗೆ ಒಂದು ಸೌಟು ಜಾಸ್ತಿ ಬಿತ್ತು.